ಸೋತವರ ಸೇಡು, ಗೆದ್ದವರ ಅಂಜಿಕೆ: ಒಂದು ಅಭ್ಯಾಸ ಪಾಠ

ತರಗತಿ: 10
ವಿಷಯ: ಸಮಾಜ ವಿಜ್ಞಾನ (ಗಣಿತದೊಂದಿಗೆ ಸಮನ್ವಯ)
ಕಲಿಕಾಂಶ: ಶ್ರೀರಂಗಪಟ್ಟಣ ಒಪ್ಪಂದ (1792), ನಾಲ್ಕನೆಯ ಮೈಸೂರು ಯುದ್ಧ (1799)

ನವಲಗುಂದ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಈ ಪಾಠ ಮಾಡಿದೆ. ಒಂದು ಯುದ್ಧದ ಮುಕ್ತಾಯದಲ್ಲೇ ಮುಂದಿನ ಯುದ್ಧದ ಕಾರಣಗಳನ್ನು ವಿದ್ಯಾರ್ಥಿಗಳು ತಾವೇ ಗುರುತಿಸಬೇಕು ಎಂಬುದು ಉದ್ದೇಶ.

ಪೀಠಿಕೆಗೆ ಧಾರವಾಡ ಕೋಟೆಯನ್ನು ತೆಗೆದುಕೊಂಡೆ. 1790-91ರಲ್ಲಿ ಟಿಪ್ಪುವಿನ ಸೈನ್ಯ ಕಾಯುತ್ತಿದ್ದ ಈ ಕೋಟೆಗೆ ಮರಾಠರು ಆರು ತಿಂಗಳಿಗೂ ಹೆಚ್ಚು ಕಾಲ ಮುತ್ತಿಗೆ ಹಾಕಿದ್ದರು. ಟಿಪ್ಪು ಎಂದೊಡನೆ ಮಕ್ಕಳು ಎರಡು ಗುಂಪಾಗುವುದುಂಟು. ಆದ್ದರಿಂದ ಹೊಗಳಿಕೆ, ತೆಗಳಿಕೆ ಬದಿಗಿಟ್ಟು ಕಪ್ಪುಹಲಗೆಯ ಮೇಲೆ ಒಪ್ಪಂದದ ಷರತ್ತುಗಳನ್ನಷ್ಟೇ ಬರೆದೆ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಗಂಡುಮಕ್ಕಳು ಒತ್ತೆ.

ಚಟುವಟಿಕೆ 1: "10 ಎಕರೆ ಹೊಲದಲ್ಲಿ 5 ಎಕರೆ ಹೋಯಿತು, ಕಟ್ಟಬೇಕಾದ ಹಣ ಅಷ್ಟೇ ಉಳಿಯಿತು. ಎಕರೆಗೆ ಬೀಳುವ ಹೊರೆ ಎಷ್ಟು?" ಎರಡು ಪಟ್ಟು ಎಂದು ಮಕ್ಕಳು ಕೂಡಲೇ ಹೇಳಿದರು. ವಿಲೋಮ ಅನುಪಾತ ಗೊತ್ತಿದ್ದವರಿಗೆ ಸೋತ ರಾಜ್ಯದ ಸಂಕಟ ತಿಳಿಯಲು ತಡವಾಗಲಿಲ್ಲ.

ಚಟುವಟಿಕೆ 2: ಘಟನೆಗಳ ಸರಪಳಿ. ಟಿಪ್ಪು ಹಣ ಕಟ್ಟಿ 1794ರಲ್ಲಿ ಮಕ್ಕಳನ್ನು ಬಿಡಿಸಿಕೊಂಡ. ಕಳೆದದ್ದನ್ನು ಮರಳಿ ಪಡೆಯಲು ಫ್ರೆಂಚರ ನೆರವು ಕೋರಿ ಮಾರಿಷಸ್‌ಗೆ ದೂತರನ್ನು ಕಳಿಸಿದ. 1798ರಲ್ಲಿ ಅಲ್ಲಿಂದ ಬಂದವರು ಸುಮಾರು ನೂರು ಜನ ಮಾತ್ರ. ಆದರೂ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಅದು ಸಾಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ.

"ಸೇಡಿನಿಂದ ಯುದ್ಧ ಆಯಿತು" ಎಂದು ಹೆಚ್ಚಿನವರು ಬರೆದರು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ದಂಡೆತ್ತಿ ಬಂದಾವ್ರು ಗೆದ್ದಾವ್ರ ಅಲ್ರೀ? ಅವರಿಗೂ ಅಂಜಿಕಿ ಇತ್ತೇನ್ರಿ?" ಪಾಠದ ತಿರುಳು ಈ ಪ್ರಶ್ನೆಯಲ್ಲಿತ್ತು. ಹಲಗೆಯನ್ನು ಎರಡು ಭಾಗ ಮಾಡಿ, ಒಂದೆಡೆ ಸೋತವರ ಸೇಡು, ಇನ್ನೊಂದೆಡೆ ಗೆದ್ದವರ ಅಂಜಿಕೆ ಮತ್ತು ಆಸೆ ಎಂದು ಬರೆದು ಕಾರಣಗಳನ್ನು ಮಕ್ಕಳಿಂದಲೇ ತುಂಬಿಸಿದೆ.

ಹೋಲಿಕೆ: 1919ರ ವರ್ಸೇಲ್ಸ್ ಒಪ್ಪಂದ ಜರ್ಮನಿಯ ಮೇಲೆ ದಂಡದ ಜೊತೆ ಯುದ್ಧದ ಹೊಣೆಯನ್ನೂ ಹೊರಿಸಿತು. ಆ ಅವಮಾನವನ್ನು ಹಿಟ್ಲರ್ ಬಳಸಿಕೊಂಡ. 1939ರಲ್ಲಿ ಮತ್ತೆ ಯುದ್ಧವಾಯಿತು. 1945ರ ನಂತರ ಪಶ್ಚಿಮ ಜರ್ಮನಿಗೆ ಮಾರ್ಷಲ್ ಯೋಜನೆಯ ನೆರವು ಸಿಕ್ಕಿತು. ನಿನ್ನೆಯ ವೈರಿ ಫ್ರಾನ್ಸ್ ಜೊತೆಗಾರ ದೇಶವಾಯಿತು. ಹಾಗಾದರೆ ಸೋಲಿನಿಂದ ಮತ್ತೆ ಯುದ್ಧವೇ ಹುಟ್ಟಬೇಕೆಂದಿಲ್ಲ.

ಮೌಲ್ಯಮಾಪನ: "1792ರ ಒಪ್ಪಂದದ ಯಾವ ಷರತ್ತನ್ನು ನೀವು ಬದಲಿಸುತ್ತಿದ್ದಿರಿ? ಏಕೆ?" ಹೆಚ್ಚಿನವರು ಆರಿಸಿದ್ದು ಹಣವನ್ನಲ್ಲ, ಮಕ್ಕಳ ಒತ್ತೆಯನ್ನು. ಇಸವಿ ಕೇಳುವ ಪ್ರಶ್ನೆಗಳ ಜೊತೆಗೆ ಇಂಥದೊಂದು ಪ್ರಶ್ನೆಯನ್ನೂ ಸಹಪ್ರಶಿಕ್ಷಣಾರ್ಥಿಗಳು ತಮ್ಮ ಪಾಠಯೋಜನೆಯಲ್ಲಿ ಸೇರಿಸಿಕೊಂಡರೆ ಒಳ್ಳೆಯದು.