ಕ್ರಿಸ್ತನ ಮಹಿಮೆಯೂ ಸಹೋದರ ಪ್ರೀತಿಯೂ

ಓದತಕ್ಕ ಭಾಗ: ಯೋಹಾನ 13:1–5, 31–35

ಮಹಿಮೆಯೆಂದರೆ ಲೋಕದವರಿಗೆ ತೋಚುವದು ಅಂಬಾರಿ, ವಾದ್ಯ, ಸಿಂಹಾಸನಗಳೇ. ನಮ್ಮ ಕರ್ತನು ತನ್ನ ಮಹಿಮೆಯನ್ನು ಕುರಿತು ಮಾತಾಡಿದ್ದು ಯಾವಾಗ? ನಡುವಿಗೆ ಕೈಪಾವುಡ ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದ ರಾತ್ರಿಯಲ್ಲಿ; ಯೂದನು ಆತನನ್ನು ಹಿಡುಕೊಡುವದಕ್ಕೆ ಹೊರಟುಹೋದ ಮೇಲೆ; ಶಿಲುಬೆಯು ಎದುರಿಗಿದ್ದಾಗ. ತನ್ನನ್ನೇ ಒಪ್ಪಿಸಿಕೊಡುವ ಪ್ರೀತಿಯೇ ಆತನ ಮಹಿಮೆ. ಆದಕಾರಣವೇ ಮಹಿಮೆಯ ಮಾತನ್ನಾಡಿದ ಕೂಡಲೆ, ನಾವು ಒಬ್ಬರನ್ನೊಬ್ಬರು ಪ್ರೀತಿಸಬೇಕೆಂಬ ಹೊಸ ಆಜ್ಞೆಯನ್ನು ಕೊಟ್ಟನು.

ನೆರೆಯವನನ್ನು ಪ್ರೀತಿಸಬೇಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿಯೂ ಇತ್ತಲ್ಲಾ, ಇದು ಹೊಸದು ಹೇಗೆ? ಅಳತೆಯು ಹೊಸದು. ತಾನು ಪ್ರೀತಿಸಿದಷ್ಟೇ ನಾವೂ ಪ್ರೀತಿಸಬೇಕೆಂದು ಆತನ ಅಪ್ಪಣೆ.

ಇದನ್ನು ನಮ್ಮ ಕೆರೆಗಳಿಂದ ತಿಳಿಯಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯಲ್ಲಿ ವರ್ಷವೆಲ್ಲಾ ಹರಿಯುವ ನದಿಯಿಲ್ಲವಾದ್ದರಿಂದ ಹಿರಿಯರು ಕೆರೆಗಳನ್ನು ಸಾಲಾಗಿ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುವದು. ನಡುವೆ ಒಬ್ಬನು ಕಾಲುವೆಯನ್ನು ಮುಚ್ಚಿದರೆ, ಮೇಲೆ ನೀರಿದ್ದರೂ ಕೆಳಗೆ ಪೈರು ಒಣಗುವದು. ಕ್ರಿಸ್ತನ ಪ್ರೀತಿಯನ್ನು ಹೊಂದಿಯೂ ಸಹೋದರನಿಗೆ ಅದನ್ನು ತಡೆಯುವವನು ಹೀಗೆಯೇ ಇದ್ದಾನೆ.

ಆ ಪ್ರೀತಿ ಈ ಸೀಮೆಗೆ ಹರಿದುಬಂದ ಒಂದು ಬಗೆಯನ್ನು ನೆನಸೋಣ. 1876–78ರ ಮಹಾ ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳಕೊಂಡ ಮಕ್ಕಳನ್ನು ಮಿಸ್ ಆನ್‌ಸ್ಟಿ ಅಮ್ಮನವರು ಕೋಲಾರದಲ್ಲಿ ಸೇರಿಸಿಕೊಂಡು ಸಾಕಿದರು. 1890ರಲ್ಲಿ ಆ ಸೇವೆಯು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿನ ಕೈಸೇರಿತು. ಇಲ್ಲಿಯ ಸಭೆಯ ಬೇರಿನಲ್ಲಿ ಅನಾಥರಿಗೆ ಇಕ್ಕಿದ ಅನ್ನವಿದೆ.

ಹೀಗಿರಲಾಗಿ, ಬದುವಿನ ಜಗಳದಿಂದ ಮಾತುಬಿಟ್ಟ ಅಣ್ಣತಮ್ಮಂದಿರು ಒಂದೇ ದೇವಾಲಯದ ಎರಡು ಮೂಲೆಗಳಲ್ಲಿ ಕೂತು ಕರ್ತನ ಭೋಜನಕ್ಕೆ ಕೈಚಾಚುವದು ಹೇಗೆ? ಹಳೆಯ ಕುಲದ ಹೆಸರೆತ್ತಿ ಸಹವಿಶ್ವಾಸಿಯ ಮನೆಯಲ್ಲಿ ಉಣ್ಣುವದಕ್ಕೆ ಹಿಂಜರಿಯುವದು ಹೇಗೆ? ಈ ವಿಷಯದಲ್ಲಿ ನಾವೆಲ್ಲರೂ ತಪ್ಪಿದವರೇ. ಊರಿನವರು ನಮ್ಮ ಸತ್ಯವೇದವನ್ನು ತೆರೆದು ನೋಡುವದಿಲ್ಲ. ನಾವು ಒಬ್ಬರಿಗೊಬ್ಬರು ಹೇಗೆ ನಡಕೊಳ್ಳುತ್ತೇವೆಂಬದನ್ನು ದಿನವೂ ನೋಡುತ್ತಾರೆ.

ಆದದರಿಂದ ಮುಂದಿನ ಕರ್ತನ ಭೋಜನಕ್ಕೆ ಮುಂಚೆ, ಮಾತುಬಿಟ್ಟ ಸಹೋದರನ ಬಾಗಲಿಗೆ ನಾವೇ ಹೋಗೋಣ. ಅವನೇ ಮೊದಲು ಬರಲಿ ಎಂದು ಕಾಯುವದು ಬೇಡ. ಕರ್ತನು ಆ ರಾತ್ರಿ ಯೂದನ ಕಾಲುಗಳನ್ನೂ ತೊಳೆದನಲ್ಲವೇ?

ಕುಟುಂಬ ಪ್ರಾರ್ಥನೆಯಲ್ಲಿ ಆಲೋಚಿಸತಕ್ಕವು:
1. ಕರ್ತನು ತನ್ನ ಮಹಿಮೆಯನ್ನು ಶಿಲುಬೆಯ ಹತ್ತಿರದಲ್ಲಿ ತಿಳಿಸಿದ್ದು ಯಾಕೆ?
2. ನಾವು ಈ ವಾರ ಯಾರ ಮನೆಗೆ ಹೋಗಬೇಕು?