ಕೊಡಗನ್ನು ಅರಿತ ವಿದ್ವಾಂಸ

ವಿಶ್ವವಿದ್ಯಾನಿಲಯದ ಹಿರಿಮೆ ಇರುವುದು ಅದರ ಭವ್ಯ ಕಟ್ಟಡಗಳಲ್ಲಲ್ಲ. ಅಲ್ಲಿ ಬೋಧಿಸಿದ ಗುರುಗಳಲ್ಲಿ, ಕಲಿತು ಹೊರಬಂದ ಶಿಷ್ಯರಲ್ಲಿ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯ ಇದಕ್ಕೆ ನಿದರ್ಶನ. ಮುಂದೆ ರಾಷ್ಟ್ರಪತಿಗಳಾದ ಡಾ. ಎಸ್. ರಾಧಾಕೃಷ್ಣನ್ ಅವರು ಅಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದರು. ಟಿ. ಎಸ್. ವೆಂಕಣ್ಣಯ್ಯನವರ ಶಿಷ್ಯರಾದ ಕುವೆಂಪು ಅವರು ತಾವು ಕಲಿತ ವಿಶ್ವವಿದ್ಯಾನಿಲಯಕ್ಕೇ 1956ರಲ್ಲಿ ಉಪಕುಲಪತಿಗಳಾದರು.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರೂ ಈ ಪರಂಪರೆಗೆ ಸೇರಿದವರು. ಮೈಸೂರಿನಲ್ಲಿ 1916ರಲ್ಲಿ ಜನಿಸಿ, ಮಹಾರಾಜ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಅವರು ಮುಂದೆ ತಮ್ಮ ಸಂಶೋಧನೆಗೆ ನೆರೆಯ ಕೊಡಗನ್ನು ಆರಿಸಿಕೊಂಡರು.

ನಾಪೋಕ್ಲು ಸುತ್ತಿನ ಕೊಡವರಿಗೆ ಒಕ್ಕ, ಐನ್‌ಮನೆಗಳು ಹೊಸ ಸಂಗತಿಗಳಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿಗೆ ಮುಹೂರ್ತ ನಿಶ್ಚಯವಾಗುವುದೂ ಸಮೀಪದ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಾಲಯದಲ್ಲಿಯೇ. ಎಲ್ಲರೂ ಬಲ್ಲ ಇಂತಹ ಆಚರಣೆಗಳು ಒಕ್ಕವನ್ನೂ ಊರನ್ನೂ ನಾಡನ್ನೂ ಹೇಗೆ ಒಂದಾಗಿ ಬೆಸೆಯುತ್ತವೆ ಎಂಬುದನ್ನು ಶ್ರೀನಿವಾಸ್ ಶಾಸ್ತ್ರೀಯವಾಗಿ ವಿವರಿಸಿದರು. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಗ್ರಂಥ 1952ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾಯಿತು. ಕೆಳಗಿನವೆಂದು ಎಣಿಸಲಾದ ಜಾತಿಗಳು ಮೇಲಿನವೆನಿಸಿಕೊಂಡವುಗಳ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವ ಕ್ರಮವನ್ನು ಅವರು ‘ಸಂಸ್ಕೃತೀಕರಣ’ ಎಂದು ಕರೆದರು. ಜಗತ್ತಿನ ವಿದ್ವಾಂಸರು ಈ ಪದವನ್ನು ಇಂದಿಗೂ ಬಳಸುತ್ತಾರೆ.

ಹಿರಿಯರ ನೆನಪಿನಲ್ಲಿ ಮಾತ್ರ ಉಳಿದ ಅರಿವು ಅವರೊಡನೆಯೇ ಮರೆಯಾಗುತ್ತದೆ. ಕೇಳಿ ಬರೆದಿಟ್ಟದ್ದು ಮುಂದಿನ ಪೀಳಿಗೆಗೆ ದೊರೆಯುತ್ತದೆ. ತಾನು ಬಾಳುವ ಸಮಾಜವನ್ನು ಪ್ರಶ್ನಿಸಿ ಅರಿಯುವ ಕಣ್ಣನ್ನು ತೆರೆಯುವುದೇ ವಿದ್ಯೆಯ ನಿಜವಾದ ಫಲ.