ಎಷ್ಟು ಮೀಟರ್ ಅಲ್ಲ, ಎಷ್ಟು ಗುಂಟೆ

ಉಪಗ್ರಹದ ಕ್ಯಾಮೆರಾ ವಿನ್ಯಾಸ ನನ್ನ ಕೆಲಸ ಎಂದರೆ ಜನ ಮೊದಲು ಕೇಳುವುದು, 'ಎಷ್ಟು ಮೀಟರಿನ ವಸ್ತು ಕಾಣುತ್ತದೆ?' ಎಂದು. ನಮ್ಮೂರು ಮಾಗಡಿ ತಾಲ್ಲೂಕಿನ ಕಲ್ಯ. ಅಣ್ಣತಮ್ಮಂದಿರ ಪಾಲಾಗುತ್ತಾ ಹೊಲಗಳು ಗುಂಟೆಗಿಳಿದ ಸೀಮೆ. ಹಾಗಾಗಿ ನಾನು ಗುಂಟೆಯಲ್ಲೇ ಲೆಕ್ಕ ಹಾಕುತ್ತೇನೆ. 1988ರಲ್ಲಿ ಹಾರಿದ ಐಆರ್‌ಎಸ್-1ಎ ಉಪಗ್ರಹದ ಲಿಸ್-1 ಕ್ಯಾಮೆರಾಕ್ಕೆ ಒಂದು ಪಿಕ್ಸೆಲ್ ಎಂದರೆ 72.5 ಮೀಟರ್ ಚೌಕ, ಒಂದೂಕಾಲು ಎಕರೆಗೂ ಮೇಲು. ರಿಸೋರ್ಸ್‌ಸ್ಯಾಟ್ ಉಪಗ್ರಹದ ಲಿಸ್-3ಕ್ಕೆ 23.5 ಮೀಟರ್, ಅಂದರೆ ಸುಮಾರು ಐದೂವರೆ ಗುಂಟೆ. ಅದರ ಜೊತೆಗಿರುವ ಲಿಸ್-4ಕ್ಕೆ 5.8 ಮೀಟರ್, ಗುಂಟೆಯ ಮೂರನೇ ಒಂದು ಪಾಲು.

ಪಿಕ್ಸೆಲ್ ಕಿರಿದಾದಷ್ಟೂ ಒಳ್ಳೆಯದು ಎಂದೇನಿಲ್ಲ. 817 ಕಿ.ಮೀ. ಎತ್ತರದಲ್ಲಿರುವ ಈ ಉಪಗ್ರಹದ ನೋಟ ನೆಲದ ಮೇಲೆ ಸೆಕೆಂಡಿಗೆ ಆರೂವರೆ ಕಿ.ಮೀ.ಗೂ ಹೆಚ್ಚು ಓಡುತ್ತದೆ. 23.5 ಮೀಟರ್ ದಾಟಲು ಮೂರೂವರೆ ಮಿಲಿಸೆಕೆಂಡ್, 5.8 ಮೀಟರಿಗೆ ಒಂದು ಮಿಲಿಸೆಕೆಂಡೂ ಇಲ್ಲ. ಡಿಟೆಕ್ಟರಿಗೆ ಬೆಳಕು ಸಿಗುವುದು ಅಷ್ಟೇ ಹೊತ್ತು.

ಆ ಬೆಳಕಿನಲ್ಲೇ ಬೆಳೆಯನ್ನು ಗುರುತಿಸಬೇಕು. ಹಸಿರೆಲೆ ಕೆಂಪನ್ನು ಹೀರುತ್ತದೆ, ಕಣ್ಣಿಗೆ ಕಾಣದ ಅವಗೆಂಪನ್ನು ಹೊರಚೆಲ್ಲುತ್ತದೆ. ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಬರುವುದೇ ಎನ್‌ಡಿವಿಐ ಎಂಬ ಸಸ್ಯಸೂಚಿ. ಈ ಲೆಕ್ಕ ನಿಲ್ಲಬೇಕಾದರೆ ಕೆಂಪು, ಅವಗೆಂಪು ಎರಡೂ ಬಣ್ಣಪಟ್ಟಿಗಳು, ಅಂದರೆ ಬ್ಯಾಂಡುಗಳು, ಒಂದೇ ನೆಲವನ್ನು ನೋಡಿರಬೇಕು. ಲಿಸ್-3ರಲ್ಲಿ ಪ್ರತಿ ಬ್ಯಾಂಡಿಗೂ ಬೇರೆ ಲೆನ್ಸ್ ಜೋಡಣೆ. ಶಾಖದ ಏರುಪೇರಿಗೆ ಒಂದು ಕೂದಲೆಳೆ ಸರಿದರೂ ಬದುಗಳ ಉದ್ದಕ್ಕೂ ಇಲ್ಲದ ಹಸಿರು ಮೂಡುತ್ತದೆ. ಚಿತ್ರದ ಚೆಲುವಿಗಿಂತ ಇಂಥ ಅಳತೆಯ ನಂಬಿಕೆಗೇ ವಿನ್ಯಾಸಕಾರ ಹೆಚ್ಚು ಬೆವರು ಸುರಿಸಬೇಕು. ಲಿಸ್-3ರ ನಾಲ್ಕನೆಯ ಬ್ಯಾಂಡ್ 1.55ರಿಂದ 1.70 ಮೈಕ್ರಾನಿನದು, ಎಲೆಯೊಳಗಿನ ನೀರು ಅದನ್ನು ಹೀರುತ್ತದೆ, ಎಲೆ ಒಣಗಿದಷ್ಟೂ ಪ್ರತಿಫಲನ ಹೆಚ್ಚುತ್ತದೆ. ಮಳೆ ಕೈಕೊಡುವ ನಮ್ಮ ಸೀಮೆಗೆ ಇದು ಬಹಳ ದೊಡ್ಡದು.

ಇನ್ನು ರಾಗಿ ಹೊಲ. ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹರಳು. ಲಿಸ್-3ರ ಒಂದು ಪಿಕ್ಸೆಲಿನಲ್ಲಿ ಇವೆಲ್ಲ ಬೆರೆತೇ ಇರುತ್ತವೆ, ಲಿಸ್-4ಕ್ಕೂ ಸಾಲು ಸಾಲಾಗಿ ಬಿಡಿಸಲು ಬಾರದು. ಬಿಡಿಸುವುದು ಕಾಲ. ರಾಗಿ ಕೊಯ್ದಾದ ಮೇಲೂ ತೊಗರಿ, ಹರಳು ಹಸಿರಾಗಿ ನಿಂತಿರುತ್ತವೆ. ರಾಗಿಯ ಹಸಿರಿನ ಆ ಇಳಿತ ಹಿಡಿಯಲು ಮತ್ತೆ ಮತ್ತೆ ನೋಡಬೇಕು. ಲಿಸ್-3 ಅದೇ ಜಾಗಕ್ಕೆ ಮರಳುವುದು 24 ದಿನಕ್ಕೊಮ್ಮೆ. ಅಂದು ಮೋಡ ಕವಿದಿದ್ದರೆ ರಾಗಿ ತೆನೆ ಬಿಟ್ಟದ್ದೂ ತಿಳಿಯದು. ಅದೇ ಉಪಗ್ರಹದ ಅವಿಫ್ಸ್ ಕ್ಯಾಮೆರಾದ ಪಿಕ್ಸೆಲ್ 56 ಮೀಟರ್, ಮುಕ್ಕಾಲು ಎಕರೆ. ಆದರೆ 740 ಕಿ.ಮೀ. ಅಗಲಕ್ಕೆ ನೋಡಿ ಐದು ದಿನಕ್ಕೊಮ್ಮೆ ಬರುತ್ತದೆ. ಎರಡರಲ್ಲಿ ಒಂದೇ ಎಂದರೆ, ಮಳೆಗಾಲದ ರಾಗಿಗೆ ನನ್ನ ಮತ ಅವಿಫ್ಸ್‌ಗೆ.

ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರದ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಇಸ್ರೋದ ಭುವನ್ ತಾಣದಲ್ಲಿ ಲಿಸ್-3, ಅವಿಫ್ಸ್ ಚಿತ್ರಗಳು ಉಚಿತವಾಗಿ ಸಿಗುತ್ತವೆ. ನಿಮ್ಮೂರಿನದನ್ನು ಇಳಿಸಿಕೊಂಡು ಹೊಲದ ಬದುವಿನ ಮೇಲೆ ನಿಂತು ಹೋಲಿಸಿ ನೋಡಿ. ಹೊಸ ಕ್ಯಾಮೆರಾದ ವಿನ್ಯಾಸಕ್ಕೆ ಆಮೇಲೆ ಕೈ ಹಾಕಿ.